ಏಳನೇ ಫ್ಲಾಪಿಯಲ್ಲಿದ್ದವರು

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ-ಗಿವ್ವ ನಂಬುವ ಮನುಷ್ಯನಲ್ಲ. ಕಂಪ್ಯೂಟರ್ ರಿಪೇರಿ ಮಾಡಿ ಹೊಟ್ಟೆ ಹೊರೆದವನು. ಕೆಟ್ಟಿದ್ದಕ್ಕೆ ಕಾರಣ ಹುಡುಕುವುದೇ ನನ್ನ ಕಸುಬು. ಈ ಒಂದು ರಾತ್ರಿಗೆ ಮಾತ್ರ ಇವತ್ತಿಗೂ ಕಾರಣ ಸಿಕ್ಕಿಲ್ಲ. ನಂಬುವುದು ಬಿಡುವುದು ನಿಮ್ಮಿಷ್ಟ, ನಡೆದದ್ದಂತೂ ನಡೆದದ್ದೇ.

ತೊಂಬತ್ತರ ದಶಕದ ನಡುವಿನ ಮಾತು. ಸಿಂಧನೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ದಸರೆ ಮುಗಿದು ಚಳಿ ಶುರುವಾಗುವ ಹೊತ್ತಿನಲ್ಲಿ ಒಂದು ಸಂಜೆ ಲಿಂಗಸುಗೂರಿನಿಂದ ಫೋನ್ ಬಂತು. ಅಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಪೊರೆ ತೆಗೆಸುವ ಶಿಬಿರ ನಡೆಸುತ್ತಿದ್ದ ಒಂದು ಟ್ರಸ್ಟ್ ಇತ್ತು. ಅದರ ಸೆಕ್ರೆಟರಿ ವೀರಭದ್ರಪ್ಪನವರು ಲೈನಿನಲ್ಲಿದ್ದರು.

"ಕಂಪ್ಯೂಟರ್ ಸತ್ತೈತ್ರಿ. ನಾಳೆ ಮುಂಜಾನೆ ಐದಕ್ಕ ಪೇಷಂಟ್ ಕರಕೊಂಡ್ ಬರಾಕ ಜೀಪ್ ಹೋಗ್ಬೇಕು. ಯಾರು, ಯಾವೂರು, ಎಲ್ಲಾ ಅದರಾಗ ಐತಿ. ಡಾಕ್ಟರ್ ಮಂದಿ ಬಂದಾರ, ಒಂದ ದಿನ ಇರ್ತಾರ."

ಸಿಕ್ಕ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಇಳಿದು ಮಿರ್ಚಿ ಭಜಿ ತಿಂದು, ಕಟ್ಟಿಕೊಟ್ಟ ಕಾಗದಕ್ಕೆ ಕೈ ಒರೆಸಿ ಬಿಸಾಡಿದೆ. ಲಿಂಗಸುಗೂರು ಮುಟ್ಟಿದಾಗ ರಾತ್ರಿ ಒಂಬತ್ತು.

ಹಳೆಯ ಕಲ್ಲಿನ ಕಟ್ಟಡ. ಒಳಗೆ ಕಾಲಿಟ್ಟರೆ ಸ್ಪಿರಿಟ್ಟಿನ ಘಾಟು. ಪಕ್ಕದ ದೊಡ್ಡ ಹಾಲಿನಲ್ಲಿ ನಾಳೆಯ ರೋಗಿಗಳಿಗಾಗಿ ಸಾಲಾಗಿ ಮಂಚ ಹಾಕಿ, ಬಿಳಿ ಚಾದರ ಹಾಸಿ, ಬೀಗ ಜಡಿದಿದ್ದರು. ಕಂಪ್ಯೂಟರ್ ಆನ್ ಮಾಡಿದರೆ ಹಾರ್ಡ್ ಡಿಸ್ಕಿನೊಳಗಿಂದ ಟಿಕ್... ಟಿಕ್... ಅಂತ ಸದ್ದು. ಅದರ ಕಥೆ ಮುಗಿದಿತ್ತು.

"ಹೆಸರು ಬರಕೊಂಡ ಫಾರಂ ಅದಾವಲ್ರಿ? ಅವನ್ನ ನೋಡಿ ಕೈಲೇ ಲಿಸ್ಟ್ ಮಾಡ್ರಿ," ಅಂದೆ.

ವೀರಭದ್ರಪ್ಪ ನೆಲ ನೋಡಿದರು. "ಕಂಪ್ಯೂಟರಿನ್ಯಾಗ ಹತ್ತ್ಯಾವಲ್ಲ ಅಂತ... ರದ್ದಿಗೆ ಹಾಕಿಬಿಟ್ವಿ. ಮಸ್ಕಿ ಭಜಿ ಅಂಗಡಿಯಾವ ಒಯ್ದ."

ಮಸ್ಕಿಯಲ್ಲಿ ನಾನು ಕೈ ಒರೆಸಿ ಬಿಸಾಡಿದ ಕಾಗದ ನೆನಪಾಯಿತು. ಊರೂರು ತಿರುಗಿ ಹೆಸರು ಬರೆದುಕೊಂಡಿದ್ದ ಕಾಲೇಜು ಹುಡುಗರು ರಜೆಗೆ ಹೋಗಿಯಾಗಿತ್ತು. ಕಣ್ಣು ಕಾಣದ ಮುದುಕ-ಮುದುಕಿಯರಿಗೆ ಅವರು ಹೇಳಿದ್ದು ಒಂದೇ ಮಾತು: ಜೀಪು ಮನೆ ಬಾಗಿಲಿಗೇ ಬರುತ್ತದೆ, ಕಾಯುತ್ತಿರಿ.

ಇನ್ನು ಉಳಿದದ್ದು ಬ್ಯಾಕಪ್ ಫ್ಲಾಪಿಗಳು. ಗುಮಾಸ್ತ ಖಾಸಿಂಸಾಬರು ಡಬ್ಬಿ ತಂದಿಟ್ಟರು. ಅರವತ್ತರ ಹತ್ತಿರದವರು, ಮೆತ್ತಗಿನ ಮಾತು, ಮುತ್ತು ಪೋಣಿಸಿದಂಥ ಅಕ್ಷರ. ಒಟ್ಟು ಏಳು ಫ್ಲಾಪಿ. ಒಂದರ ತಗಡು ಸರಿಸಿ ನೋಡಿದೆ. ಒಳಗೆ ಕೆಂಪು ಪುಡಿ.

"ಇದೇನ್ರೀ?"

"ದಸರಿ ಖಂಡೇಪೂಜಾದಾಗ ಕುಂಕುಮ ಹಚ್ಚಿದ್ರು ಸಾಹೇಬ್ರ. ಕಂಪ್ಯೂಟರಿಗೆ ಹಚ್ಚಿ ಇವಕ್ಕ ಬಿಟ್ಟರ ಹ್ಯಾಂಗ ಅಂತ."

ಎಂಥ ಭಕ್ತರ ಕೈಗೆ ಸಿಕ್ಕಿಬಿದ್ದೆನಪ್ಪಾ ಅನ್ನಿಸಿತು. ನಾನು ತಂದಿದ್ದ ಬೇರೆ ಹಾರ್ಡ್ ಡಿಸ್ಕ್ ಜೋಡಿಸಿದೆ. ಹತ್ತಿ, ಸ್ಪಿರಿಟ್ಟು ಹಿಡಿದು ಒಂದೊಂದೇ ಫ್ಲಾಪಿ ಒರೆಸಿ, ರಿಸ್ಟೋರ್ ಕೊಟ್ಟೆ. ಒಂದರಿಂದ ಆರರ ತನಕ ಬೆಣ್ಣೆಯಂತೆ ಬಂದವು. ತೆಗೆದು ನೋಡಿದರೆ ಎಲ್ಲಾ ಹಿಂದಿನ ವರ್ಷಗಳವು! ಆಗಲೇ ಆಪರೇಷನ್ ಆಗಿ, ಕಣ್ಣು ಬಂದು, ಮನೆಯಲ್ಲಿ ಆರಾಮಾಗಿ ಮಲಗಿದ್ದವರ ಹೆಸರುಗಳು.

ಈ ವರ್ಷದವರಿದ್ದದ್ದು ಏಳನೆಯದರಲ್ಲಿ.

ಹಾಕಿದೆ. ಗರ್ರ್... ಗರ್ರ್... ಟಕ್. ಓದಲಾಗುತ್ತಿಲ್ಲ ಅಂತ ಪರದೆಯ ಮೇಲೆ ಬಂತು. ಮತ್ತೆ ಒರೆಸಿದೆ, ಮತ್ತೆ ಹಾಕಿದೆ. ಗರ್ರ್... ಟಕ್. ಡ್ರೈವ್ ಬಿಚ್ಚಿ ಅದರ ಓದುವ ತಲೆ ಒರೆಸಿದೆ. ಬೇರೆ ಡ್ರೈವ್ ಹಾಕಿದೆ. ಹನ್ನೊಂದಾಯಿತು, ಹನ್ನೆರಡಾಯಿತು. ವೀರಭದ್ರಪ್ಪ ಐದು ನಿಮಿಷಕ್ಕೊಮ್ಮೆ ಬಂದು "ಆತೇನ್ರಿ?" ಅನ್ನುತ್ತಿದ್ದರು. ಕೊನೆಗೆ ನಾನೇ ರೇಗಿ, ಮನೆಗೆ ಹೋಗಿ ಮಲಗ್ರಿ ಅಂತ ಕಳಿಸಿದೆ. ಕುಂಕುಮದ ಹರಳು ಆ ಫ್ಲಾಪಿಯನ್ನು ಗೀರಿಬಿಟ್ಟಿತ್ತು.

ಒಂದೇ ದಾರಿ ಉಳಿದಿತ್ತು. ಫ್ಲಾಪಿಯ ಒಂದೊಂದು ತುಣುಕನ್ನೂ ನೇರವಾಗಿ ಪರದೆಗೆ ಎಳೆದು ತೋರಿಸುವ ಒಂದು ಪ್ರೋಗ್ರಾಂ ನನ್ನ ಹತ್ತಿರ ಇತ್ತು. ಕಂಡದ್ದನ್ನು ನಾನು ಜೋರಾಗಿ ಓದಬೇಕು, ಖಾಸಿಂಸಾಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಹಾಗೇ ಶುರು ಮಾಡಿದೆವು.

"ಬಸಮ್ಮ, ತುರ್ವಿಹಾಳ, ಅಗಸಿ ಹತ್ರ."

"ಹ್ಞೂಂ."

"ನಬೀಸಾಬ್, ಜವಳಗೇರಾ, ಮಸೀದಿ ಹಿಂದ."

"ಹ್ಞೂಂ."

ಎರಡು ಗಂಟೆಯ ಹೊತ್ತಿಗೆ ಗೀರು ಬಿದ್ದ ಜಾಗ ಬಂತು. ಒಂದು ಹೆಸರು ಮಾತ್ರ ಸರಿಯಾಗಿ ಕಂಡಿತು. ಊರಿನ ಜಾಗದಲ್ಲಿ ಅಕ್ಷರ ಕೆಟ್ಟು ಹೃದಯದ ಚಿತ್ರ, ನಗುವ ಮುಖ, ಅಡ್ಡಗೆರೆ... ಹುಚ್ಚು ಹಿಡಿದಂತೆ.

"ಶಂಕ್ರಮ್ಮ," ಅಂತ ಓದಿ ಮತ್ತೆ ಪ್ರಯತ್ನಿಸುವ ಗುಂಡಿ ಒತ್ತಿದೆ. ಗರ್ರ್... ಟಕ್. ಅದೇ ನಗುವ ಮುಖಗಳು.

"ಶಂಕ್ರಮ್ಮ..." ಮತ್ತೆ ಒತ್ತಿದೆ. ಟಕ್.

ಸಿಟ್ಟು ನೆತ್ತಿಗೇರಿತು. ಮೇಜು ಗುದ್ದಿ, "ಶಂಕ್ರಮ್ಮ! ಎಲ್ಲಿ ಇರ್ತಿಯವ್ವಾ ನೀ?" ಅಂತ ಕಿರುಚಿದೆ.

"ಓ..."

ಹಾಲಿನ ಕಡೆಯಿಂದ. ಮುಪ್ಪಾದ ಹೆಣ್ಣಿನ ದನಿ, ಆಗಷ್ಟೇ ನಿದ್ದೆಯಿಂದ ಎದ್ದ ದನಿ. ನನ್ನ ಮೈಯ ಕೂದಲೆಲ್ಲಾ ನಿಂತವು. ಬಾಗಿಲ ಕಡೆ ನೋಡಿದೆ. ಬೀಗ ಹಾಗೇ ಇತ್ತು.

ಖಾಸಿಂಸಾಬರು ತಲೆ ಎತ್ತದೆ ಬರೆಯುತ್ತಲೇ ಇದ್ದರು.

"ಏನ್ ಬರಿಯಾಕತ್ತೀರಿ?"

"ನೀವು ಹೇಳಿದ್ದ. ದಢೇಸುಗೂರು, ಕಾಲುವಿ ಆಚಿ ಕ್ಯಾಂಪು, ಹಿಟ್ಟಿನ ಗಿರಣಿ ಹಿಂದಿನ ಜೋಪಡಿ."

"ನಾ ಹೇಳಿಲ್ರೀ ಅದನ್ನ."

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ನಿಮ್ಮ ದನೀನ ಸಾಹೇಬ್ರ. ಕಿವಿಯಾರೆ ಕೇಳೀನಿ."

"ಮತ್ತ ಆ ಓ ಅಂದದ್ದು?"

"ಯಾವ ಓ?"

ಹಾಲಿನೊಳಗೆ ಒಂದು ಮಂಚ ಕಿರ್ ಅಂದಿತು... ಅಥವಾ ನನಗೆ ಹಾಗನ್ನಿಸಿತು. ಸ್ಪಿರಿಟ್ಟಿನ ಘಾಟಿನ ನಡುವೆ ಎಲ್ಲಿಂದಲೋ ಒಲೆಯ ಹೊಗೆಯ ವಾಸನೆ ಬಂತು.

"ಬರದದ್ದನ್ನ ಹೊಡದ ಹಾಕ್ಲೇನ್ರೀ?" ಅಂದರು ಖಾಸಿಂಸಾಬರು ಮೆಲ್ಲಗೆ.

"ಇರ್ಲಿ ಬಿಡ್ರಿ," ಅಂದೆ. ನನಗೆ ಅಲ್ಲಿಂದ ಎದ್ದು ಓಡಿದರೆ ಸಾಕಾಗಿತ್ತು.

ಗೀರು ಬಿದ್ದ ಜಾಗದಲ್ಲಿ ಇನ್ನೂ ಆರು ಹೆಸರು ಇದ್ದವು, ಒಂದಕ್ಕೂ ಊರಿಲ್ಲ. ದುರುಗವ್ವ. ಹುಸೇನಪ್ಪ. ದೊಡ್ಡ ಯಲ್ಲಮ್ಮ... ಒಂದೊಂದನ್ನೂ ಒಮ್ಮೆ, ಅದೂ ಪಿಸುಮಾತಿನಲ್ಲಿ ಓದಿ, ಮುಂದಕ್ಕೆ ಹೋದೆ. ಮತ್ತೆ ಪ್ರಯತ್ನಿಸುವ ಗುಂಡಿ ಒತ್ತಲಿಲ್ಲ. ಸುಳ್ಳು ಯಾಕೆ, ಹೆದರಿದ್ದೆ. ಆ ಆರು ಹೆಸರಿನ ಮುಂದೆ ಖಾಸಿಂಸಾಬರು ಖಾಲಿ ಗೆರೆ ಎಳೆದರು.

ಐದಕ್ಕೆ ಜೀಪುಗಳು ಹೊರಟವು. ಹತ್ತರ ಸುಮಾರಿಗೆ ಹಾಲಿನಲ್ಲಿ ರೋಗಿಗಳು ತುಂಬಿದ್ದರು. ಒಂದು ಚೂರು ನಿದ್ದೆ ಮಾಡಿ ಎದ್ದವನು, ಜೀಪಿನ ಡ್ರೈವರನನ್ನು ಹಿಡಿದು ಕೇಳಿದೆ, "ದಢೇಸುಗೂರಾಗ ಗಿರಣಿ ಹಿಂದ ಯಾರರ ಸಿಕ್ರೇನು?"

"ಸಿಕ್ಕಳ್ರಿ. ತಲಿ ಬಾಚ್ಕೊಂಡು, ಚೀಲ ಹಿಡಕೊಂಡು ಹೊರಗ ಕುಂತಿದ್ಲು. ಅಲ್ಲೇ ಮೂಲಿ ಮಂಚದಾಗ ಅದಾಳ ನೋಡ್ರಿ."

ಹೋದೆ. ಒಣಗಿದ ಸಣ್ಣ ಜೀವ. ಎರಡೂ ಕಣ್ಣು ಹಾಲಿನಂತೆ ಬೆಳ್ಳಗೆ. "ಶಂಕ್ರಮ್ಮ ಅಂದ್ರ ನೀವೇನವ್ವಾ?" ಅಂದೆ.

ಮುದುಕಿ ನನ್ನ ಕಡೆ ಮುಖ ತಿರುಗಿಸಿದಳು. "ಬಂದ್ಯೇನಪಾ? ನೀನ ಅಲ್ಲೇನು, ರಾತ್ರಿ ಕರದಾವ?"

ನಾನು ಮಂಚದ ಅಂಚಿಗೆ ಕೂತೆ.

"ಕತ್ತಲಾಗ ಕರದ್ರ ಒಂದಕ್ಕ, ಎರಡಕ್ಕ ಓ ಅನಬಾರ್ದು ನೋಡು. ಕರದಾವ ಮನಿಶಾನೋ ಮತ್ತೇನೋ. ಮೂರಕ್ಕ ಅನಬೇಕು. ನೀ ಮೂರ ಸಲ ಕರದಿ, ಅಂದೆ. ಎಲ್ಲಿ ಇರ್ತಿ ಅಂದಿ, ಹೇಳಿದೆ." ಅವಳು ಕೈ ಚಾಚಿ ನನ್ನ ತೋಳು ಹುಡುಕಿ ಹಿಡಿದಳು. ಕೈ ತಣ್ಣಗಿತ್ತು. "ಆದ್ರ ದುರುಗವ್ವನ್ನ, ಹುಸೇನಪ್ಪನ್ನ, ಅವರನ್ನೆಲ್ಲಾ ಯಾಕಪಾ ಒಂದ ಸಲ ಕರದು ಬಿಟ್ಟಿ? ಇನ್ನ ಎರಡ ಸಲ ಕರೀಬೇಕಿತ್ತು. ಎಲ್ಲಾರೂ ಎದ್ದು ಕುಂತಿದ್ರು."

ಅವರ ಊರು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಸಂಜೆ ಡಾಕ್ಟರುಗಳ ವ್ಯಾನು ಹೊರಟುಹೋಯಿತು. ಆ ಆರು ಮಂದಿ ಯಾವೂರಿನವರು ಅಂತ ಖಾಸಿಂಸಾಬರು ವರ್ಷಗಟ್ಟಲೆ ವಿಚಾರಿಸಿದರು. ಗೊತ್ತಾಗಲೇ ಇಲ್ಲ. ಮುಂದಿನ ಶಿಬಿರಕ್ಕೂ ಆ ಹೆಸರಿನವರು ಯಾರೂ ಬರಲಿಲ್ಲ.

ಆರೂ ಹೆಸರು ನನಗೆ ಇವತ್ತಿಗೂ ಬಾಯಿಪಾಠ. ಹೋದ ವರ್ಷ ಒಂದು ರಾತ್ರಿ ನಿದ್ದೆ ಬರದೆ, ಅಂಗಳದಲ್ಲಿ ಒಬ್ಬನೇ ನಿಂತು, ಆದದ್ದಾಗಲಿ ಅಂತ ಗಟ್ಟಿ ಮನಸ್ಸು ಮಾಡಿ ದುರುಗವ್ವನನ್ನು ಕರೆದೆ. ಎರಡು ಸಲ ಕರೆದೆ. ಇಷ್ಟು ವರ್ಷದ ಮೇಲೆ ಓ ಅಂದರೆ ಎಲ್ಲಿಂದ ಅನ್ನುತ್ತಾಳೋ... ಮೂರನೆಯ ಸಲ ಬಾಯಿ ತೆರೆದೆ, ದನಿ ಬರಲಿಲ್ಲ.