ಬಿಜಲಿಗೆ ಬಿದ್ದ ಬೆತ್ತ

ನಮ್ಮ ಅಕ್ಕ ಗಂಗುಬಾಯಿಯ ಗಂಡ ಗೋರಖನಾಥ ಮಾಮಾ ಸೈನ್ಯದ ಕುದುರೆ ದಳದಲ್ಲಿ ಸವಾರನಾಗಿದ್ದವರು. ಈ ಕಾಲದ ಸೈನ್ಯದಲ್ಲಿ ಕುದುರೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಇದೆ. ಭಾಲ್ಕಿಯ ಮಂದಿ ಇದನ್ನೇ ಕೇಳಿ ಕೇಳಿ ಅವರ ತಲೆ ತಿಂದಿದ್ದು ಸಾಕು.

ಔರಾದ ಕಡೆಯ ಕುರಿ ಕಾಯುವ ಮನೆತನ ಅವರದು. ಬೀದರಿನಲ್ಲಿ ಸೈನ್ಯದ ಭರ್ತಿ ನಡೆದಾಗ ಓಟದಲ್ಲಿ ಪಾಸಾದರು. ಪ್ರಾಣಿಗೆ ಹೆದರದ ಹುಡುಗ ಎಂದು ರಾಜಸ್ಥಾನದ ಲಾಯಕ್ಕೆ ಕಳಿಸಿದರು. ಬೆಳಗಾದರೆ ಲದ್ದಿ ಬಳಿಯುವುದು, ಕುದುರೆಯ ಮೈ ತಿಕ್ಕುವುದು, ಆಮೇಲೆ ಸವಾರಿ. ಬಿದ್ದು ಹೆಗಲ ಎಲುಬು ಮುರಿದುಕೊಂಡರೂ ಬಿಡಲಿಲ್ಲ. ಒಮ್ಮೆ ಜೊತೆಯವನೊಬ್ಬ ಸಿಟ್ಟಿನಲ್ಲಿ ಕುದುರೆಗೆ ಹೊಡೆದನಂತೆ. ಕಲಿಸುವ ಉಸ್ತಾದರು ಅವನನ್ನು ಕೆಳಗಿಳಿಸಿ, ಹೊಡೆದವನು ಸವಾರ ಅಲ್ಲ, ಕುದುರೆ ಮೇಲಿನ ಬೋಜಾ, ಬರೀ ಹೊರೆ ಎಂದರಂತೆ. ಈ ಮಾತನ್ನು ಮಾಮಾ ನಮಗೆ ಊಟಕ್ಕೆ ಕೂತಾಗಲೂ ಬಡಿಸುತ್ತಿದ್ದರು.

ನಿವೃತ್ತಿಯಾದ ಮೇಲೆ ಭಾಲ್ಕಿಯಲ್ಲಿ ಮನೆ ಮಾಡಿ, ಬೀದರ ಪಕ್ಕದ ಕೊಳಾರದಲ್ಲಿ ಒಂದು ಗೋದಾಮಿಗೆ ವಾಚಮನ್ ಆದರು. ಬೇರೆ ಫೌಜಿಗಳು ಚಹಾದಂಗಡಿಯಲ್ಲಿ ಹಿಮ, ಗುಂಡು ಎಂದರೆ ಜನ ಬಾಯಿ ಬಿಟ್ಟು ಕೇಳುತ್ತಿದ್ದರು. ಮಾಮಾ ಕುದುರೆ ಎಂದರೋ, ಮುಗೀತು.

“ಹಂಗಾದ್ರ ನೀವು ಲದ್ದಿ ಫೌಜಿ ಅನ್ರಿ!”

ಆ ಹೆಸರು ಅಂಟಿಯೇ ಬಿಟ್ಟಿತು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಮಾಮಾನ ಮಗಳು ಸಿದ್ದೇಶ್ವರಿಯನ್ನು ಶಾಲೆಯಲ್ಲೂ ಕಾಡಿಸಿದರು. ಒಂದು ದಿನ ಅವಳೇ, “ಅಪ್ಪಾ, ನೀ ಖರೇನ ಕುದುರಿ ಮ್ಯಾಲ ಕುಂತಿದ್ದೇನು?” ಎಂದು ಕೇಳಿದಳು. ಮಾಮಾ ಊಟದ ತಾಟು ಬಿಟ್ಟು ಎದ್ದು ಹೋದರು.

ಅದಕ್ಕೇ, ಹೋದ ವರ್ಷ ಆಗಸ್ಟ್ ಹದಿನೈದಕ್ಕೆ ಮಾಜಿ ಸೈನಿಕರ ಮೆರವಣಿಗೆ ಎಂದಾಗ ಅವರು, “ಮುಂದ ನಾ ಕುದುರಿ ಮ್ಯಾಲ ಬರ್ತೇನಿ” ಎಂದುಬಿಟ್ಟರು. ಮಗಳು ಒಮ್ಮೆ ನೋಡಲಿ, ಊರೂ ನೋಡಲಿ ಎಂಬುದೊಂದೇ ಆಸೆ.

ಕುದುರೆ ಸಿಕ್ಕಿದ್ದು ಬೀದರಿನ ಮುಸ್ತಕೀಮ ಸಾಬರ ಹತ್ತಿರ. ಬಿಳಿ ಹೆಣ್ಣು ಕುದುರೆ, ಹೆಸರು ಬಿಜಲಿ. ಮದುವೆಯ ಬರಾತಿನ ಮೆರವಣಿಗೆಯಲ್ಲಿ ಮದುಮಗನನ್ನು ಹೊರುವುದು ಅದರ ಕೆಲಸ.

“ಬ್ಯಾಂಡ್ ಬಾರಿಸಿದ್ರ ಕುಣಿತಾಳ್ರಿ ಅಕಿ. ಹಂಗೇ ಕಲಿಸೀನಿ,” ಎಂದು ಸಾಬರು ಮೊದಲೇ ಹೇಳಿದರು.

“ನನ್ನ ಕೆಳಗ ಯಾವ ಕುದುರೀನೂ ಕುಣಿದಿಲ್ರಿ,” ಎಂದರು ಮಾಮಾ. ಅಬ್ಬಾ, ಆ ಹಮ್ಮು!

“ಫೌಜಿ ಕೈಯಾಗ ಕೊಟ್ಟ ಮ್ಯಾಲ ನನಗೇನ್ ಫಿಕರ್ರಿ,” ಎಂದು ಸಾಬರು ನಕ್ಕು ಲಗಾಮು ಕೊಟ್ಟರು.

ಭಾಲ್ಕಿ ಬಸ್ ನಿಲ್ದಾಣದ ಮುಂದೆ ಮಾಮಾ ಬಿಜಲಿಯ ಮೇಲೆ ಕೂತ ಠೀವಿ ಏನು ಹೇಳಲಿ! ಬೆನ್ನು ನೆಟ್ಟಗೆ, ಎದೆಯ ಮೇಲೆ ಪದಕ, ಕೈಯಲ್ಲಿ ಬೆತ್ತ. ಸಿದ್ದೇಶ್ವರಿ ಗೆಳತಿಯರನ್ನು ಎಳೆದೆಳೆದು ತೋರಿಸುತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಬ್ಯಾಂಡಿನವರು ಶುರು ಮಾಡಿದರು. ಅವರೂ ಮದುವೆಯ ಬ್ಯಾಂಡಿನವರೇ. ಬಿಜಲಿ ಕಿವಿ ನಿಮಿರಿಸಿತು, ಮುಂಗಾಲು ಎತ್ತಿತು, ತಾಳಕ್ಕೆ ಸರಿಯಾಗಿ ಕುಣಿಯತೊಡಗಿತು. ಮಾಮಾ ಲಗಾಮು ಎಳೆದರು. ಹಾಗೆ ಎಳೆಯುವುದೇ ಅದಕ್ಕೆ ಇನ್ನಷ್ಟು ಕುಣಿ ಎನ್ನುವ ಸನ್ನೆಯಂತೆ, ನಮಗೇನು ಗೊತ್ತು. ಎಳೆದಷ್ಟೂ ಕುಣಿಯಿತು.

“ಲದ್ದಿ ಫೌಜಿ ಲಗ್ನಕ್ಕ ಹೊಂಟಾನಲೇ!”

ಇಡೀ ರಸ್ತೆ ಬಿದ್ದು ಬಿದ್ದು ನಕ್ಕಿತು. ಸಿದ್ದೇಶ್ವರಿ ಮುಖ ಮುಚ್ಚಿಕೊಂಡಳು. ಮಾಮಾ ಅದನ್ನು ನೋಡಿದರು. ಬೆತ್ತ ಎತ್ತಿ ಬಿಜಲಿಯ ಮುಖಕ್ಕೆ ಬಾರಿಸಿದರು. ಮತ್ತೆ ಬಾರಿಸಿದರು, ಮತ್ತೆ.

ನಗು ನಿಂತಿತು, ಬ್ಯಾಂಡೂ ನಿಂತಿತು. ಬಿಜಲಿ ಗಡಗಡ ನಡುಗುತ್ತಿತ್ತು. ಅದರ ಕಣ್ಣಿನ ಕೆಳಗೆ ರಕ್ತ. ಮಾಮಾ ಇಳಿದು ನಿಂತಾಗ ಸಿದ್ದೇಶ್ವರಿ ಹತ್ತಿರ ಬಂದಳು.

“ಅಪ್ಪಾ, ಹೊಡದವ ಬೋಜಾ ಅಂತ ನೀನೇ ಹೇಳತಿದ್ದೆಲ್ಲ?”

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ನನಗೆ. ಮಾಮಾ ಬೆತ್ತವನ್ನು ಚರಂಡಿಗೆ ಎಸೆದರು.

ಟೆಂಪೋದಲ್ಲಿ ಬಿಜಲಿಯನ್ನು ಬೀದರಿಗೆ ಒಯ್ದೆವು. ಮುಸ್ತಕೀಮ ಸಾಬರು ಗಾಯ ನೋಡಿ, ನೀರು ತಂದು ರಕ್ತ ತೊಳೆದರು.

“ಬರಾತಿನಾಗ ಕುಡುಕರು ಅಕಿ ಕಾಲಾಗ ಪಟಾಕಿ ಹಚ್ಚ್ಯಾರ, ಬಾಲ ಜಗ್ಗ್ಯಾರ. ಹೊಡದವ್ರು ಮಾತ್ರ ನೀವೇ ಮೊದಲ ನೋಡ್ರಿ. ನಾ ಕಲಿಸಿದ್ದು ಮಾಡ್ಯಾಳ. ಅಕಿದೇನ್ ತಪ್ಪರಿ, ಫೌಜಿ?”

ಕೊರಳಪಟ್ಟಿ ಹಿಡಿದು ಬೈದಿದ್ದರೂ ತಾಳಬಹುದಿತ್ತು. ಮಾಮಾ ತಲೆ ತಗ್ಗಿಸಿ, “ತಪ್ಪಾತ್ರಿ” ಎಂದರು.

ಈಗ ಕೊಳಾರದ ಪಾಳಿ ಮುಗಿಸಿ ಅವರು ನೇರ ಸಾಬರ ಲಾಯಕ್ಕೆ ಹೋಗುತ್ತಾರೆ. ಲದ್ದಿ ಬಳಿದು, ನೀರಿಟ್ಟು, ಹುಲ್ಲು ಹಾಕುತ್ತಾರೆ. ಊರಲ್ಲಿ ಯಾರಾದರೂ ಲದ್ದಿ ಫೌಜಿ ಎಂದರೆ “ಹೌದ್ರಿ” ಎಂದು ಮುಂದೆ ನಡೆಯುತ್ತಾರೆ.

ಮೊನ್ನೆ ನಾನೂ ಸಿದ್ದೇಶ್ವರಿಯೂ ಜೊತೆಗೆ ಹೋಗಿದ್ದೆವು. ಅವಳ ಅಂಗೈಯಿಂದ ಬಿಜಲಿ ಬೆಲ್ಲ ತಿಂದಿತು. ಮಾಮಾ ಕೈ ಚಾಚಿದರು. ಬಿಜಲಿ ತಲೆ ಎತ್ತಿ ಗೋಡೆಗೆ ಸರಿಯಿತು.

“ದಿನಾ ಹಿಂಗೇ,” ಎಂದರು ಮಾಮಾ. ಬೆಲ್ಲವನ್ನು ನೆಲದ ಮೇಲಿಟ್ಟು ಬಾಗಿಲ ಹೊರಗೆ ಹೋಗಿ ನಿಂತರು. ಅವರು ಮರೆಯಾದ ಮೇಲೆ ಅದು ತಿಂದಿತು.