ಕೃತಜ್ಞತೆಯ ಪುಟದಲ್ಲಿಲ್ಲದ ಅಕ್ಕ

ಎರಡೂ ಕೈ ತುಂಬ ಹಸಿರು ಬಳೆ, ಕೊರಳಲ್ಲಿ ಕೆಂಪು ಬಿಳಿ ಮುತ್ತಿನ ಸರ, ಉಗುರಿನ ಸಂದಿಯಲ್ಲಿ ಸದಾ ಕಡಲೆಹಿಟ್ಟು. ಅಕ್ಕ ಒಳಗೆ ಬಂದರೆ ನಮ್ಮ ಆಸ್ಪತ್ರೆಯ ಫಿನಾಯಿಲ್ ವಾಸನೆ ಹೋಗಿ ಮಿರ್ಚಿಯ ವಾಸನೆ ಬರುತ್ತಿತ್ತು. ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಮಂಡಕ್ಕಿ-ಮಿರ್ಚಿ ಬಂಡಿ. ಗಂಡಾಗಿ ಹುಟ್ಟಿ, ಹುಲಿಗೆಮ್ಮ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಜೋಗಪ್ಪನ ದೀಕ್ಷೆ ಪಡೆದು ಸೀರೆ ಉಟ್ಟವಳು. ಮುತ್ತು ಕಟ್ಟಿದ ದಿನ ದೀಕ್ಷೆ ಕೊಟ್ಟ ಗುರುವಮ್ಮ ಇಟ್ಟದ್ದೇ ತನ್ನ ಹೆಸರು ಎನ್ನುತ್ತಿದ್ದಳು.

ನಾನು ಆ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ನಮ್ಮ ವಿಭಾಗವನ್ನು ಜನ ಗುಪ್ತರೋಗದ ಕೋಣೆ ಎನ್ನುತ್ತಾರೆ, ಮುಖ ಮುಚ್ಚಿಕೊಂಡು ಬರುತ್ತಾರೆ. ಅಕ್ಕ ಮೊದಲ ಸಲವೇ ರಾಜಾರೋಷವಾಗಿ ಬಂದು ಬೆಂಚಿನ ಮೇಲೆ ಕುಳಿತಳು. ಚೀಟಿ ಬರೆಯುವ ಸಿಬ್ಬಂದಿಯೊಬ್ಬ ಅವಳ ಆಧಾರ್ ಕಾರ್ಡಿನಲ್ಲಿದ್ದ ಗಂಡು ಹೆಸರನ್ನು ಜೋರಾಗಿ ಕೂಗಿದ. ಎಲ್ಲರೂ ತಿರುಗಿ ನೋಡಿದರು. ಅಕ್ಕ ಏಳಲಿಲ್ಲ. ಮತ್ತೆ ಕೂಗಿದಾಗ ಎದ್ದು ಹೊರಟೇ ಹೋದಳು. ಸಂಜೆ ನಾನು ಬಂಡಿಗೆ ಹೋಗಿ ಕರೆದರೆ, ಬಾಣಲೆಯಿಂದ ಕಣ್ಣು ತೆಗೆಯದೆ, "ನೀವು ಕೂಗಿದ ಹೆಸರಿನಾಂವ ಇಲ್ಲಿ ಯಾರೂ ಇಲ್ರಿ ಮೇಡಂ. ಮಿರ್ಚಿ ತಿಂತೀರೇನು?" ಎಂದಳು. ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಕರಗಿದಳೋ ಏನೋ, ಮರುದಿನ ಬಂದಳು.

ಆಮೇಲೆ ಕಂಪ್ಲಿಯಿಂದ, ಸಂಡೂರಿನಿಂದ ತನ್ನಂಥವರನ್ನೆಲ್ಲ ಅವಳೇ ಎಳೆದು ತಂದಳು. "ನಾಚ್ಕೋತ ಸಾಯ್ತಿಯೇನಲೇ, ನಡಿ" ಎಂದು ಬೈಯುತ್ತಿದ್ದಳು.

ಎಲ್ಲ ಥರದವರಿಗೂ ಮರ್ಯಾದೆಯಿಂದ ಚಿಕಿತ್ಸೆ ಸಿಗಲೆಂದು ವೈದ್ಯರಿಗೊಂದು ಮಾರ್ಗಸೂಚಿ ಪುಸ್ತಕ ಬರೆಯುವವರು ನಮ್ಮೂರಿನಲ್ಲಿ ಸಭೆ ಕರೆದರು. ಅಕ್ಕನನ್ನು ಕರೆದೊಯ್ದೆ. ಊಟದವರೆಗೆ ಸುಮ್ಮನಿದ್ದವಳು ಕೊನೆಗೆ ಬಾಯಿ ಬಿಟ್ಟಳು: "ಭಾಳ ಏನ್ ಬ್ಯಾಡ್ರಿ. ಚೀಟಿ ಬರಿಯೋವಾಗ ಏನಂತ ಕರೀಲಿ ಅಂತ ಒಂದು ಮಾತು ಕೇಳ್ರಿ. ಹಂಗ ಕರದ್ರ ನಾವ ಬರ್ತೀವಿ." ಹಿರಿಯ ಡಾಕ್ಟರೊಬ್ಬರು ಅದನ್ನು ಸಂತೋಷದಿಂದ ಬರೆದುಕೊಂಡರು. ಪುಸ್ತಕದಲ್ಲಿ ಅವಳ ಹೆಸರು ಹಾಕಿ ಕೃತಜ್ಞತೆ ಹೇಳುತ್ತೇವೆ ಎಂದರು. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂಡಿಗೆ ಬಂದ ಗಿರಾಕಿಗಳಿಗೆಲ್ಲ ಅದೇ ಸುದ್ದಿ.

ಸ್ವಲ್ಪ ದಿನಕ್ಕೆ ಪುಸ್ತಕ ಅಚ್ಚು ಹಾಕಿಸುವ ಕಚೇರಿಯಿಂದ ಫೋನು ಬಂತು. ಗುರುತಿನ ಚೀಟಿಯಲ್ಲಿರುವ ಹೆಸರನ್ನೇ ಹಾಕಬೇಕಂತೆ. ಹೆಸರು ಬದಲಿಸಲು ಅಕ್ಕ ಅರ್ಜಿ ಕೊಟ್ಟು ಕಾಯುತ್ತಿದ್ದಳು. ನಾನು ಬೇಡಿಕೊಂಡೆ, ಡಾಕ್ಟರು ಜಗಳವಾಡಿದರು. ಆ ಪುಸ್ತಕದ ಕರಡಿನಲ್ಲೇ ಇರುವ ಅಕ್ಕನ ಮಾತನ್ನು ಫೋನಿನಲ್ಲಿ ಓದಿ ಹೇಳಿದೆ. "ನಿಯಮ ಮೇಡಂ, ನಾವೇನು ಮಾಡೋಕಾಗುತ್ತೆ" ಎಂದರು. ಅಕ್ಕನಿಗೆ ತಿಳಿಸಿದಾಗ, "ಹಳೇ ಹೆಸರು ಹಾಕೋದಾದ್ರ ಬ್ಯಾಡ್ರಿ. ಅವಂಗ್ಯಾಕ ಕೃತಜ್ಞತೆ? ಅವ ಏನ್ ಮಾಡ್ಯಾನ?" ಎಂದು ನಕ್ಕಳು. ನನಗೆ ಆ ನಗು ನೋಡಲಾಗಲಿಲ್ಲ.

ಪುಸ್ತಕ ಬಂತು. ಡಾಕ್ಟರುಗಳ ಹೆಸರು, ಪದವಿ ಎಲ್ಲ ಮುಗಿದ ಮೇಲೆ "ಹಾಗೂ ಸಮುದಾಯದ ಇತರರು" ಎಂದಿತ್ತು. ಅಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು. ಕಿಡ್ನಿ ಕೈಕೊಟ್ಟಿತ್ತು. ಪಾಪಿನಾಯಕನಹಳ್ಳಿಯ ತಮ್ಮನೇ ಕೊನೆಯವರೆಗೆ ಉಣ್ಣಿಸಿ, ತೊಳೆದು ನೋಡಿಕೊಂಡಿದ್ದ.

ನಮ್ಮ ಕೋಣೆಯ ಗೋಡೆಯ ಮೇಲಾದರೂ ಅವಳ ಹೆಸರು ಬರೆಸೋಣವೆಂದು ಅವನನ್ನು ಕೇಳಲು ಹೋದೆ. ಅವನು ಕೈ ಮುಗಿದ. "ಮಗಳಿಗೆ ಕಂಪ್ಲಿ ಕಡಿ ಗಂಡು ನೋಡೀವ್ರಿ. ಗುಪ್ತರೋಗದ ಕೋಣ್ಯಾಗ ನಮ್ಮ ಮನ್ಯಾಗಿನಾಕಿ ಹೆಸರು ಐತಿ ಅಂದ್ರ ಬೀಗರು ಏನ್ ತಿಳ್ಕೋತಾರ್ರಿ? ಎಲ್ಲೂ ಬರೀಬ್ಯಾಡ್ರಿ. ಅಕ್ಕ ಇದ್ದಿದ್ರ ಆಕೀನೂ ಇದನ್ನ ಅಂತಿದ್ಲು." ಅಣ್ಣ ಎನ್ನಲಿಲ್ಲ, ಅಕ್ಕ ಎಂದ. ಅಂಥವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಆಯಿತು ಎಂದು ಬಂದೆ. ಹಾಗಾಗಿ ಅವಳ ಹೆಸರನ್ನು ಇಲ್ಲಿಯೂ ಬರೆಯಲಾರೆ.

ಮೊನ್ನೆ ಸಂಡೂರಿನಿಂದ ಒಬ್ಬಳು ಬಂದಿದ್ದಳು. ತನಗೆ ಬೇಕಾದ ಹೆಸರಿನಲ್ಲೇ ಚೀಟಿ ಮಾಡಿಸಿಕೊಂಡಳು. ಹೊರಡುವಾಗ ಗುಳಿಗೆಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ, "ಬ್ಯಾರೆ ಕಡಿ ಹೆಸರು ಹಿಂಗ ಕೇಳಂಗಿಲ್ರಿ. ನಿಮಗ ಯಾರು ಹೇಳಿಕೊಟ್ರು?" ಎಂದಳು.

ಹೆಸರು ಬಾಯಿತನಕ ಬಂತು. ನುಂಗಿಕೊಂಡು, "ಒಬ್ಬಾಕಿ ಅಕ್ಕ ಇದ್ಲು" ಎಂದೆ.