ನಾನು ‘ಓ’ ಎನ್ನದ ಮಧ್ಯಾಹ್ನ

ಮೊನ್ನೆ ಲಿಂಗಸುಗೂರಿನಲ್ಲಿ ಆಸಿಡ್ ಕ್ಯಾನಿನ ಮುಚ್ಚಳ ತಿರುಗಿಸಿದಾಗ ಗಾಳಿ ನನ್ನ ಕಡೆಗೇ ಬೀಸಿತು. ಮಾಸ್ಕ್ ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಮೂಗಿನೊಳಗೆ ಸೂಜಿ ಹೊಕ್ಕಂತಾಯಿತು. ಆ ಘಾಟಿನ ಜೊತೆಗೇ ನಮ್ಮ ಉಸ್ತಾದರು ನೆನಪಿಗೆ ಬಂದು ನಿಂತರು…

ಉಸ್ತಾದರು ಸಿಂಧನೂರಿನವರು. ಗೋಡೆಗೆ ಪ್ಲಾಸ್ಟರ್ ಮಾಡುತ್ತ ಮಾಡುತ್ತ ಈಜುಕೊಳ ತೊಳೆಯುವ ಕೆಲಸಕ್ಕೆ ಬಂದವರು. ನಾನು ತುರ್ವಿಹಾಳದಿಂದ ಮುಂಜಾನೆಯ ಬಸ್ಸಿಗೆ ಹೋಗಿ ಅವರ ಕೈಕೆಳಗೆ ದುಡಿಯುತ್ತಿದ್ದೆ. ಆಗ ನನಗೆ ಮೂವತ್ತು ದಾಟಿತ್ತು, ಎರಡು ಮಕ್ಕಳ ತಂದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಿಜ. ಆದರೆ ನನ್ನ ಕೈ ಬಿದ್ದ ಗೋಡೆಯಲ್ಲಿ ಕಲೆ ಹುಡುಕಿ ತೋರಿಸಿದವರಿಲ್ಲ. ಇದನ್ನು ಈಗಲೂ ತಲೆಯೆತ್ತಿ ಹೇಳುತ್ತೇನೆ.

ಖಾಲಿ ಕೊಳ ತೊಳೆಯುವುದೇನು ಮಹಾ ಎಂದು ನೋಡುವವರಿಗೆ ಅನ್ನಿಸುತ್ತದೆ. ಉಸ್ತಾದರು ಮೊದಲು ಸುತ್ತಲಿನ ಗದ್ದೆ ನೋಡುತ್ತಿದ್ದರು. ಕಾಲುವೆಗೆ ನೀರು ಬಂದು ಗದ್ದೆ ತುಂಬಿದ್ದರೆ ಕೊಳ ಖಾಲಿ ಮಾಡಲು ಬಿಡುತ್ತಿರಲಿಲ್ಲ. ನೆಲದಡಿಯ ನೀರು ಖಾಲಿ ತಳವನ್ನು ಎತ್ತಿ ಒಡೆದುಬಿಡುತ್ತದೆ. ಬಕೆಟ್ಟಿಗೆ ಮೊದಲು ನೀರು, ಆಮೇಲೆ ಆಸಿಡ್. ಉಲ್ಟಾ ಮಾಡಿದರೆ ಮುಖಕ್ಕೇ ಸಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಅಂತೂ ಆ ದಿನ ಆಸಿಡ್ ಹತ್ತಿರ ಸುಳಿಯಕೂಡದು.

ಎಲ್ಲಕ್ಕಿಂತ ದೊಡ್ಡ ಕಾಯ್ದೆ ಬಾಯಿಯದು. ಆಸಿಡ್ಡಿನ ಹೊಗೆ ಭಾರ; ಆಳದ ಕಡೆಗೆ ಇಳಿದು ಕೂಡುತ್ತದೆ. ಹಾಗಾಗಿ ಅವರು ನೀರಿನ ಪೈಪು ಹಿಡಿದು ದಂಡೆಯ ಮೇಲೆ ನಿಂತು ಆಗಾಗ ಕೂಗುತ್ತಿದ್ದರು:

“ಅದೀರೇನಲೇ?”

ಕೆಳಗಿದ್ದವರು ತಡಮಾಡದೆ ‘ಓ’ ಎನ್ನಬೇಕು.

“ಓ… ಉಣ್ಣದ ಹೆಂಗ ಸಾಯಲ್ರೀ!” ಎಂದು ಬಳಗಾನೂರಿನ ನನ್ನ ಜೊತೆಗಾರ ಮಾಸ್ಕಿನೊಳಗಿಂದಲೇ ಒದರುತ್ತಿದ್ದ.

“ನನ್ನ ಬುತ್ತೀನೂ ಉಂಡು ಸಾಯಾವ ನೀ!”

ಉಸ್ತಾದರು ನಗಿಸುತ್ತಲೇ ಗದರಿಸುತ್ತಿದ್ದರು. “ಯಾರರ ಬಿದ್ರ ಮಾಸ್ಕಿಲ್ದ ಹಿಂದ ಇಳೀಬ್ಯಾಡ್ರಿ. ನಾ ಬಿದ್ರೂ ಅಷ್ಟ. ಒಂದ ಹೆಣ ಸಾಕು.”

ಆ ದಿನ ಮಸ್ಕಿ ರಸ್ತೆಯ ಒಂದು ಖಾಸಗಿ ಕೊಳದಲ್ಲಿದ್ದೆವು. ಬೇಸಿಗೆ, ಕಾಲುವೆಯ ನೀರು ನಿಂತಿತ್ತು. ಮರುದಿನವೇ ನೀರು ತುಂಬಿಸಬೇಕೆಂದು ಅಲ್ಲಿನ ಮ್ಯಾನೇಜರು ದಂಡೆಯ ಮೇಲೆ ತಿರುಗಾಡುತ್ತಿದ್ದ. ಬಿಳಿ ಪ್ಲಾಸ್ಟರಿಗೆ ಪಾಚಿ ಕಚ್ಚಿ ಕಪ್ಪಾಗಿತ್ತು. ಆಸಿಡ್ ನೀರು ಸುರಿದು ಉಜ್ಜಿ, ಇಪ್ಪತ್ತು ಎಣಿಸುವುದರೊಳಗೆ ಮೇಲಿನಿಂದ ನೀರು ಬಿಡಿಸಿಕೊಳ್ಳಬೇಕು. ನಾನು ಒಂದು ಕಲೆಯ ಬೆನ್ನುಹತ್ತಿ, ಕೈಯೆತ್ತಿ “ತಡೀರಿ” ಎಂದೆ. ಅಷ್ಟರಲ್ಲಿ ಆಸಿಡ್ ಪ್ಲಾಸ್ಟರನ್ನೇ ತಿಂದು ಒಳಗಿನ ಮರಳು ಕಾಣಿಸಿತು.

“ಇಪ್ಪತ್ತು ಎಣಿಸಾಕ ಬರಂಗಿಲ್ಲೇನಲೇ? ಅಷ್ಟರ ಕಲ್ತು ಸಾಲಿ ಬಿಡಬೇಕಿತ್ತಿಲ್ಲ!” ಎಂದು ಉಸ್ತಾದರು ದಂಡೆಯಿಂದ ಒದರಿದರು.

ಮ್ಯಾನೇಜರು ನಕ್ಕ. ಜೊತೆಗಾರನೂ ನಕ್ಕ. ಮಾಸ್ಕಿನೊಳಗೆ ನನ್ನ ಮುಖ ಕಾದ ಹೆಂಚಾಯಿತು.

ವಾಷಿಂಗ್ ಸೋಡಾದ ಚೀಲ ಹೊತ್ತು ಆಳದ ಕಡೆಗೆ ಹೋದೆ. ತೊಳೆದ ಆಸಿಡ್ ನೀರೆಲ್ಲ ಅಲ್ಲಿ ಪಾದ ಮುಳುಗುವಷ್ಟು ನಿಂತಿತ್ತು. ಆಸಿಡ್ಡಿನ ಖಾರ ಮುರಿಯಲು ಸೋಡಾ ಚೆಲ್ಲಿ, ನೊರೆ ಏಳುವುದು ನಿಂತ ಮೇಲೆಯೇ ಅದನ್ನು ಪಂಪಿನಿಂದ ಎತ್ತಬೇಕು. ಪಂಪು ತರಲು ಜೊತೆಗಾರ ಮೇಲೆ ಹತ್ತಿ ಹೋಗಿದ್ದ. ಕೊಳ ಅಲ್ಲಿ ಮೊಣಕೈಯಂತೆ ಮಗ್ಗುಲಿಗೆ ತಿರುಗಿತ್ತು. ಉಸ್ತಾದರು ನಿಂತಲ್ಲಿಂದ ನಾನು ಕಾಣುತ್ತಿರಲಿಲ್ಲ.

“ಅದೀಯೇನಲೇ?”

ನಾನು ಓ ಎನ್ನಲಿಲ್ಲ. ಎಣಿಸಲು ಬರುವುದಿಲ್ಲವಲ್ಲ ನನಗೆ… ಎಣಿಸತೊಡಗಿದೆ. ಒಂದು, ಎರಡು, ಮೂರು. ಇಪ್ಪತ್ತಾಗುವ ತನಕ ಕೂಗಲಿ, ಗಂಟಲು ಹರಿಯಲಿ ಎಂದುಕೊಂಡೆ. ಏಳಕ್ಕೆ ಮತ್ತೊಮ್ಮೆ ಕೂಗಿದರು. ಹನ್ನೆರಡಕ್ಕೆ ಕೂಗಿದಾಗ ದನಿ ಒಡೆದಿತ್ತು. ಹದಿನಾರಕ್ಕೆ ಇಳಿಜಾರಿನಲ್ಲಿ ಚಪ್ಪಲಿಯ ಸದ್ದು ಕೇಳಿತು.

ಇಪ್ಪತ್ತು ಆಗಲೇ ಇಲ್ಲ.

ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಉಸ್ತಾದರು ಓಡಿ ಬಂದರು. ಮಾಸ್ಕ್ ಇಲ್ಲ, ಬೂಟಿಲ್ಲ. ಸೋಡಾ ಇನ್ನೂ ಬೀಳದ ಆ ನೀರಿನಲ್ಲಿ ಕಾಲು ಜಾರಿ, ಎರಡೂ ಅಂಗೈ ಊರಿ ಬಿದ್ದರು. ಟವೆಲ್ ತೇಲಿ ಹೋಯಿತು. ನಾನು ಎದ್ದು ನಿಂತಿದ್ದೆ, ಮಾಸ್ಕ್ ತೊಟ್ಟು, ಗಟ್ಟಿಮುಟ್ಟಾಗಿ… ಅವರು ಬಾಯಿ ತೆರೆದು ಆ ಹೊಗೆಯನ್ನು ಒಳಗೆಳೆದುಕೊಂಡದ್ದು ಒಂದೇ ಮಾತಿಗಾಗಿ.

“ಅದೀಯಾ ಬೇಟಾ?”

ಎತ್ತಿಕೊಂಡು ಮೇಲೆ ಓಡಿದೆ. ಬಟ್ಟೆ ಕಳಚಿ ಪೈಪಿನ ನೀರು ಬಿಟ್ಟೆವು, ಬಹಳ ಹೊತ್ತು ಬಿಟ್ಟೆವು. ಕೆಮ್ಮು ನಿಲ್ಲಲಿಲ್ಲ. ಆಟೋದಲ್ಲಿ ಸಿಂಧನೂರಿನ ಆಸ್ಪತ್ರೆಗೆ ಒಯ್ಯುವಾಗ ಮ್ಯಾನೇಜರು ಏನಾಯಿತೆಂದು ಕೇಳಿದ. “ಕಾಲು ಜಾರ್ತ್ರೀ” ಎಂದರು. ಆಮೇಲೆ ನನ್ನ ಕಡೆಗೆ ತಿರುಗಿ ಮೆಲ್ಲಗೆ ಕೇಳಿದರು:

“ಮಾಸ್ಕಿನ್ಯಾಗ ನಿನಗ ಕೇಳಿರಂಗಿಲ್ಲ, ಹೌದಲ್ಲ?”

“ಹೂಂ ರೀ” ಎಂದೆ.

ಅಂಗೈ ವಾಸಿಯಾದವು. ಎದೆ ವಾಸಿಯಾಗಲಿಲ್ಲ. ಹತ್ತು ಹೆಜ್ಜೆ ನಡೆದರೆ ಕೂಡಬೇಕು. ಕೂಗುವ ಮಾತೇ ಇಲ್ಲ. ತಮ್ಮ ಮಾಸ್ಕನ್ನು ನನಗೆ ಕೊಟ್ಟು, “ಇನ್ನ ಮ್ಯಾಲ ನೀ ಕೂಗಪಾ” ಎಂದರು. ವರ್ಷಗಟ್ಟಲೆ ಅವರ ಮನೆಗೆ ಹೋಗಿ ಚಹಾ ಕುಡಿದು ಬಂದೆ. ಇವತ್ತು ಹೇಳೇ ಬಿಡಬೇಕು ಎಂದು ಹೋಗುತ್ತಿದ್ದೆ. ಅವರ ಕೆಮ್ಮು ಕೇಳಿ ಲೋಟ ಕೆಳಗಿಟ್ಟು ಎದ್ದು ಬರುತ್ತಿದ್ದೆ. ಅವರಿಗೆ ಗೊತ್ತಿತ್ತೋ ಏನೋ… ಹೋದ ವರ್ಷ ತೀರಿಕೊಂಡರು. ಹಿಡಿ ಮಣ್ಣು ಹಾಕುವಾಗಲೂ ನನ್ನ ನಾಲಿಗೆ ಏಳಲಿಲ್ಲ.

ಮೊನ್ನೆ ಲಿಂಗಸುಗೂರಿನಲ್ಲಿ ಇಬ್ಬರನ್ನು ಕೆಳಗೆ ಇಳಿಸಿ ದಂಡೆಯ ಮೇಲೆ ನಿಂತೆ. ಈಗ ನಾನು ಯಾರನ್ನೂ ಕೆಲಸದ ನಡುವೆ ಹಂಗಿಸುವುದಿಲ್ಲ.

“ಅದೀರೇನಲೇ?”

“ಓ” ಎಂದ ಒಬ್ಬ. “ಓ” ಎಂದ ಇನ್ನೊಬ್ಬ. ಅದರ ಹಿಂದೆಯೇ ನನ್ನ ಬಾಯಿಂದಲೂ ಒಂದು ‘ಓ’ ಬಂತು, ನನಗೇ ಗೊತ್ತಾಗದೆ.

“ನೀವ್ಯಾರಿಗ್ರೀ ಓ ಅಂದ್ರಿ?” ಎಂದು ಕೆಳಗಿನವನು ಮಾಸ್ಕಿನೊಳಗೇ ನಕ್ಕ.

ನಾನು ಇಪ್ಪತ್ತು ಎಣಿಸಿ ನೀರು ಬಿಟ್ಟೆ.